ಭೂಮಿ ಒಳಗಿಂದು ಬ್ಯಾಡ

ನವೆಂಬರ್ 18, ಸೋಮವಾರ

ಬಟಾಟೆ ಬೇರಲ್ಲ, ಕಾಂಡ. ಆಯುಷ್ಯವಿಡೀ ಸಸ್ಯಶಾಸ್ತ್ರ ಕಲಿಸಿದ ಮನುಷ್ಯ ತನ್ನ ಸ್ವಂತ ಮನೆಯಲ್ಲಿ ಇಷ್ಟು ಹೇಳಿದ್ದಕ್ಕೆ ಸಿಕ್ಕಿದ್ದು ಹೀರೇಕಾಯಿ ಪಲ್ಯ.

"ಬೇರರೆ ಆಗಲಿ, ಕಾಂಡರೆ ಆಗಲಿ, ಅದು ಬೆಳಿಯೋದು ಎಲ್ಲೆ? ಅಷ್ಟ ಹೇಳು" ಎಂದಳು ಗೋದಕ್ಕ.

"ಮಣ್ಣಾಗ. ಆದ್ರ ಅದರ ಮೈಮ್ಯಾಲೆ ಕಣ್ಣಿರ್ತಾವ ನೋಡು, ಅವು ಮೊಗ್ಗು. ಮೊಗ್ಗು ಬರೋದು ಕಾಂಡಕ್ಕ..."

"ಮಣ್ಣಾಗ ಅಂದಿ. ಮುಗೀತು."

ಗೋದಕ್ಕ ನನ್ನ ಅಕ್ಕ. ಗಂಡ ತೀರಿಕೊಂಡ ಮೇಲೆ ನನ್ನ ಹತ್ತಿರ ಬಂದಳು. ನಾನು ಮದುವೆಯ ಉಸಾಬರಿಗೆ ಹೋಗಲಿಲ್ಲವಾದ್ದರಿಂದ ಮನೆ ಅವಳದೇ ಆಯಿತು, ನಾನು ಸಂಬಳ ತರುವ ಬಾಡಿಗೆದಾರನಂತೆ ಇದ್ದೆ. ಈಗ ಸಂಬಳವೂ ಇಲ್ಲ. ಕೇಶ್ವಾಪುರದ ಈ ಮನೆಯ ಮೊದಲ ಮಹಡಿಯಲ್ಲಿ, ಬಾಲ್ಕನಿಯ ಕಬ್ಬಿಣದ ಜಾಳಿಗೆಯ ಪಕ್ಕದಲ್ಲಿ, ಎಡಗಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಕೂತ ಕೈದಿ ನಾನು. ಜೇಲರ್ ಅವಳು.

ಆದದ್ದಿಷ್ಟು. ನನಗೆ ಸಕ್ಕರೆ ಕಾಯಿಲೆ ಹಳೆಯದು. ದೀಪಾವಳಿಯ ಮರುವಾರ ಒಂದು ಗುಂಡುಪಿನ್ನು ಚಪ್ಪಲಿಯೊಳಗಿಂದ ಎಡಗಾಲಿನ ಅಂಗಾಲಿಗೆ, ಕಿರುಬೆರಳಿನ ಬುಡಕ್ಕೆ ಹೊಕ್ಕಿತ್ತಂತೆ. ನಾನು ಅದನ್ನು ಹೊತ್ತುಕೊಂಡೇ ಸ್ಟೇಶನ್ನಿಗೆ ಹೋಗಿ, ಪುಸ್ತಕದಂಗಡಿ ಸುತ್ತಿ, ಚಹಾ ಕುಡಿದು ಮನೆಗೆ ಬಂದೆ. ಫರಸಿಯ ಮೇಲೆ ರಕ್ತದ ಹೆಜ್ಜೆ ನೋಡಿ ಗೋದಕ್ಕ, "ಯಾರ ಕಾಲೋ ಇದು?" ಎಂದು ಕೇಳಿದಳು. ನಾನೂ ಹುಡುಕಿದೆ.

ಗಾಯ ಮಾಯಲಿಲ್ಲ, ಹುಣ್ಣಾಯಿತು. ಡಾಕ್ಟರ್ ಹುಸ್ನಾ ಎರಡು ಕಟ್ಟಪ್ಪಣೆ ಮಾಡಿದ್ದಾಳೆ. ಕಾಲಿಗೆ ನೆಲ ತಾಗಬಾರದು. ಬಾಯಿಗೆ ನೆಲದೊಳಗಿನದು ತಾಗಬಾರದು. "ಅಮ್ಮಾರ, ಒಂದ ಮಾತು ನೆನಪಿಟ್ಟಕೊಳ್ರಿ" ಎಂದು ಗೋದಕ್ಕನಿಗೆ ಹೇಳಿದಳು. "ಸಕ್ರಿ ಬ್ಯಾಡ, ಭೂಮಿ ಒಳಗ ಬೆಳದದ್ದು ಬ್ಯಾಡ. ಮ್ಯಾಲೆ ಬೆಳದದ್ದು ನಡೀತೈತಿ."

ಇದು ವಿಜ್ಞಾನವೇ? ಈ ಹುಡುಗಿಗೆ ಪಿಯುಸಿಯಲ್ಲಿ ನಾನು ಪಾಠ ಮಾಡಿದ್ದೇನೆ ಎಂಬುದೇ ಹೆಚ್ಚಿನ ಸಂಕಟ.


ನವೆಂಬರ್ 20, ಬುಧವಾರ

ಇವತ್ತು ದವಾಖಾನೆ. ಕೆಳಗಿನ ಮನೆಯ ಬಾಡಿಗೆದಾರ ಒಂದು ಕಡೆ, ಗೇಟಿನ ಮುಂದೆ ಕಾಯಿಪಲ್ಲೆ ಗಾಡಿ ನಿಲ್ಲಿಸುವ ಜುಲ್ಫಿಕಾರ ಒಂದು ಕಡೆ ಹಿಡಿದು, ನನ್ನನ್ನು ಕುರ್ಚಿ ಸಮೇತ ಮೆಟ್ಟಿಲಿಳಿಸಿದರು. ಓಣಿಯವರೆಲ್ಲ ನಿಂತು ನೋಡಿದರು. ಪಾಲಕಿಯ ಮೇಲೆ ಒಯ್ಯುವವರಿಗೆ ಹೀಗೇ ಅನ್ನಿಸುತ್ತದೇನೋ, ಇಳಿದು ಓಡಿಹೋಗಬೇಕು ಅಂತ.

ಹುಸ್ನಾ ಮೀನು ಹಿಡಿಯುವ ದಾರದಂಥ ಒಂದು ನೈಲಾನ್ ಎಳೆ ತೆಗೆದಳು. "ಸರ್, ಇದನ್ನ ಅಂಗಾಲಿಗೆ ಅಲ್ಲಲ್ಲಿ ಮುಟ್ಟಸ್ತೀನ್ರಿ. ಗೊತ್ತಾದ ಕೂಡ್ಲೆ 'ಗೊತ್ತಾತು' ಅನ್ರಿ. ಗೊತ್ತಾಗದಿದ್ರ ಗೊತ್ತಾಗವಲ್ದು ಅನ್ರಿ."

ಕಾಯ್ದೆ. ಏನೂ ಬರಲಿಲ್ಲ. ಆದರೆ ಅವಳ ಮೊಣಕೈ ಮುಂದಕ್ಕೆ ಬಂದದ್ದು ಕಾಣಿಸಿತು.

"ಗೊತ್ತಾತು" ಎಂದೆ.

ಮತ್ತೆ ಮೊಣಕೈ. "ಗೊತ್ತಾತು." ಮತ್ತೆ. "ಗೊತ್ತಾತು." ಪೂರ್ತಿ ಅಂಕ.

ಪೂರ್ತಿ ಸುಳ್ಳೇನಲ್ಲ. ಮೊಣಕೈ ಅಲುಗಿದ್ದು ನನಗೆ ಗೊತ್ತಾಗಿತ್ತು. ಮತ್ತೆ, ಇದೇ ಹುಸ್ನಾ "ಗೊತ್ತಿಲ್ರಿ ಸರ್" ಎಂದಾಗಲೆಲ್ಲ ಬೆಂಚಿನ ಮೇಲೆ ನಿಲ್ಲಿಸಿದವನು ನಾನು. ಈಗ ಅವಳೆದುರಿಗೆ ಕಾಲು ಚಾಚಿಕೊಂಡು ಅದೇ ಮಾತನ್ನು ನಾನು ಒಪ್ಪಿಸಬೇಕೇ?

ಅವಳಿಗೆ ಖುಷಿಯಾಯಿತು. "ಸ್ಪರ್ಶ ಛಲೋ ಐತ್ರಿ ಸರ್. ಹಂಗಿದ್ರ ಈ ಬೂಟು ಹಾಕ್ಕೊಂಡು ಮನ್ಯಾಗ ಬಾತ್‌ರೂಮಿಗಷ್ಟ ನಡೀರಿ. ನೋವಾತಂದ್ರ ನಿಂತಬಿಡ್ರಿ."

ನೋವಾದರೆ ನಿಲ್ಲಬೇಕು. ಸರಿ. ನೋವಾಗುವುದೇ ಇಲ್ಲವಲ್ಲ.


ನವೆಂಬರ್ 24, ಭಾನುವಾರ

ಇವತ್ತು ನವಲಕೋಲಿನ ವಿಚಾರಣೆ ನಡೆಯಿತು.

ನಮ್ಮ ಬಾಲ್ಕನಿಯಿಂದ ಒಂದು ಹಗ್ಗಕ್ಕೆ ಕೈಚೀಲ ಕಟ್ಟಿ ಬಿಡುತ್ತೇವೆ. ಜುಲ್ಫಿಕಾರ ಅದರಲ್ಲಿ ಕಾಯಿಪಲ್ಲೆ ತುಂಬಿ ಕೂಗುತ್ತಾನೆ, ಗೋದಕ್ಕ ಎಳೆದುಕೊಳ್ಳುತ್ತಾಳೆ. ಇವತ್ತು ಚೀಲದಲ್ಲಿ ನವಲಕೋಲು ಬಂತು. ಅವಳು ಒಂದನ್ನು ಕೈಯಲ್ಲಿ ತಿರುಗಿಸಿ ನೋಡಿ ಹಾಗೇ ಚೀಲಕ್ಕೆ ಹಾಕಿದಳು.

"ಜುಲ್ಫಿಕಾರ, ಗಡ್ಡಿ ಬ್ಯಾಡ ಅಂದಿದ್ದೆನಲ್ಲೋ."

"ಬಾಯಾರ, ಅದು ಗಡ್ಡಿ ಅಲ್ರಿ" ಎಂದು ಅವನು ಕೆಳಗಿಂದ ಕೂಗಿದ.

"ಗುಂಡಗ ಅದ. ಗಡ್ಡಿ ಅಲ್ಲದ ಏನು?"

ನಾನು ಗಾಲಿ ಕುರ್ಚಿಯನ್ನು ಜಾಳಿಗೆಯ ತನಕ ಉರುಳಿಸಿಕೊಂಡು ಬಂದೆ. ಬಹಳ ದಿನಕ್ಕೆ ಒಂದು ತರಗತಿ ಸಿಕ್ಕಿತ್ತು. ನವಲಕೋಲು ಉಬ್ಬಿದ ಕಾಂಡ, ನೆಲದಿಂದ ಎರಡು ಬೆರಳು ಮೇಲೆ ಕೂತಿರುತ್ತದೆ, ಎಲೆಗಳು ಅದರ ಮೈಯಿಂದಲೇ ಹೊರಡುತ್ತವೆ, ಮಣ್ಣಿಗೂ ಅದಕ್ಕೂ ಸಂಬಂಧವಿಲ್ಲ ಎಂದು ವಿವರಿಸಿದೆ. ರೂಪ ನೋಡಿ ತೀರ್ಪು ಕೊಡಬಾರದು ಎಂದೂ ಸೇರಿಸಿದೆ. ಜುಲ್ಫಿಕಾರ ಕೆಳಗೆ ತಲೆಯಾಡಿಸಿದ. ಗೋದಕ್ಕ ತೊಟ್ಟಿನ ಗುರುತನ್ನು ಬೆರಳಿನಿಂದ ಮುಟ್ಟಿ ನೋಡಿ, "ಹಂಗಾದ್ರ ಮಾಡ್ತೀನಿ" ಎಂದಳು.

ಗೆದ್ದೆ. ಪಲ್ಯ ಸಪ್ಪೆಯಾಗಿತ್ತು. ಅದಕ್ಕೆ ಶೇಂಗಾ ಪುಡಿ ಹಾಕಿರಲಿಲ್ಲ.


ನವೆಂಬರ್ 29, ಶುಕ್ರವಾರ

ಈ ಸೀಮೆಯ ಅಡಿಗೆಯಿಂದ ಶೇಂಗಾ ತೆಗೆದರೆ ಉಳಿಯುವುದು ನೀರು. ಚಟ್ನಿ ಹೋಯಿತು, ಹೋಳಿಗೆ ಹೋಯಿತು, ಪಲ್ಯದ ಮೇಲೆ ಉದುರಿಸುವ ಪುಡಿಯೂ ಹೋಯಿತು. ನಾನು ನ್ಯಾಯ ಕೇಳಿದೆ.

"ಶೇಂಗಾದ ಹೂ ಎಲ್ಲೆ ಬಿಡ್ತದ ಹೇಳು. ಮ್ಯಾಲೆ. ಹೂ ಉದುರಿದ ಮ್ಯಾಲೆ ಒಂದು ದಂಟು ಬಾಗಿ ಮಣ್ಣಿಗೆ ಇಳೀತದ. ಅಲ್ಲೆ ಹೋಗಿ ಕಾಯಿ ಕಟ್ತದ. ಲಗ್ನ ಮ್ಯಾಲೆ, ಬಾಣಂತನಕ್ಕಷ್ಟ ಕೆಳಗ. ಹಂಗಂತ ಆ ಕೂಸು ತವರುಮನಿದು ಆಗ್ತದೇನು?"

ಗೋದಕ್ಕ ನಕ್ಕಳು. ನಕ್ಕರೂ ಸೋಲಲಿಲ್ಲ. "ಕೀಳೂವಾಗ ಮಣ್ಣು ಹತ್ತಿರ್ತದಲ್ಲ? ಆತು. ಹೆಂಗಸರ ಮಾತು ತಗದು ಶೇಂಗಾ ಗಿಟ್ಟಿಸಬ್ಯಾಡ."

ಹಠಕ್ಕೆ ಬಿದ್ದು, ಅವಳು ಪೂಜೆಗೆ ಕೂತಾಗ ಹಗ್ಗ ಬಿಟ್ಟೆ. ಜುಲ್ಫಿಕಾರ ಕುದಿಸಿದ ಶೇಂಗಾ ಕಳಿಸಿದ. ಸಿಪ್ಪೆಗಳನ್ನು ಕಿಸೆಯಲ್ಲಿಟ್ಟುಕೊಂಡು ಕೂತೆ. ಇಷ್ಟು ವಯಸ್ಸಾದ ಮೇಲೆ ಶೇಂಗಾ ಕದ್ದು ತಿನ್ನುವ ಗತಿ.


ಡಿಸೆಂಬರ್ 3, ಮಂಗಳವಾರ

ಸಾಕಾಗಿದೆ. ಎದುರುಮನೆಯ ಗೋಡೆ, ನುಗ್ಗೆಮರ, ನೀರಿನ ಟಾಕಿ. ಮತ್ತೆ ಗೋಡೆ. ನುಗ್ಗೆಕಾಯಿ ಎಷ್ಟು ಉದ್ದವಾಗಿವೆ ಎನ್ನುವುದನ್ನು ಬಿಟ್ಟರೆ ಈ ಲೋಕದಲ್ಲಿ ಹೊಸದೇನೂ ಇಲ್ಲ.


ಡಿಸೆಂಬರ್ 6, ಶುಕ್ರವಾರ

ದಾರಿ ಸಿಕ್ಕಿತು. ಇಷ್ಟು ದಿನ ನಾನು ಕಾನೂನನ್ನು ವಿರೋಧಿಸುತ್ತಿದ್ದೆ. ಅದನ್ನು ಪಾಲಿಸಬೇಕಾಗಿತ್ತು.

"ಗೋದಕ್ಕ, ಕಬ್ಬು ಎಲ್ಲೆ ಬೆಳೀತದ?"

"ಹೊಲದಾಗ."

"ಭೂಮಿ ಒಳಗೋ, ಮ್ಯಾಲೋ?"

"ಮ್ಯಾಲೆ. ಆಳಿಗಿಂತ ಎತ್ತರ ಬೆಳೀತದ."

"ಬೆಲ್ಲ ಎದರಿಂದ ಮಾಡ್ತಾರ?"

ಅವಳು ಸೌಟು ಕೆಳಗಿಟ್ಟಳು. "ಸಕ್ರಿ ಬ್ಯಾಡಂದಾಳಲ್ಲೋ."

"ಸಕ್ರಿ ಬ್ಯಾಡಂದಾಳ. ಬೆಲ್ಲ ಬ್ಯಾಡಂದಾಳೇನು?"

ಗೋದಕ್ಕ ಬಹಳ ಹೊತ್ತು ವಿಚಾರ ಮಾಡಿದಳು. "ಹುಸ್ನಾಗ ಒಂದು ಫೋನ್ ಮಾಡಿ ಕೇಳಲೇನು?"

"ಕೇಳು. ಆಕೀಗೆ ಕಲಿಸಿದಾವ ಯಾರು ಅನ್ನೋದನ್ನೂ ಕೇಳು."

ಫೋನು ಕೈಯಲ್ಲಿತ್ತು. ಟೇಬಲ್ಲಿನ ಮೇಲಿಟ್ಟಳು. "ಅದೂ ಖರೆ ಅನ್ನು. ಆಕೀಗೆ ಹೇಳಿಕೊಟ್ಟಾವ ನೀನ ಅಲ್ಲೇನು" ಎಂದಳು. ಇದು ನನಗೆ ಇಡೀ ತಿಂಗಳಲ್ಲಿ ಸಿಕ್ಕ ಏಕೈಕ ಮರ್ಯಾದೆ.

ಸಂಜೆ ಹೆಸರುಬೇಳೆ ಪಾಯಸ ಆಯಿತು. ಬೆಲ್ಲ ಹಾಕಿದ್ದು.


ಡಿಸೆಂಬರ್ 10, ಮಂಗಳವಾರ

ದಿನಗಳು ಈಗ ಅಷ್ಟು ಕೆಟ್ಟದಾಗಿಲ್ಲ. ಮೊನ್ನೆ ಬೆಲ್ಲದ ಮಾದಲಿ ಮಾಡಿದ್ದಳು, ನಿನ್ನೆ ಗೋಧಿ ಹುಗ್ಗಿ, ಚಹಾಕ್ಕೂ ಬೆಲ್ಲ. "ತಿನ್ನು, ಮೈಯಾಗ ರಕ್ತ ಆಗಲಿ, ಲಗೂ ಮಾಯಲಿ" ಎನ್ನುತ್ತ ಎರಡನೇ ಸಲ ಬಡಿಸುತ್ತಾಳೆ. ಬೂಟು ಹಾಕಿಕೊಂಡು ನಾನು ಹಾಲಿನಿಂದ ಅಡಿಗೆಮನೆಗೆ, ಅಡಿಗೆಮನೆಯಿಂದ ಬಾಲ್ಕನಿಗೆ ಓಡಾಡುತ್ತೇನೆ. ಗೋದಕ್ಕ ಬಟ್ಟೆ ಒಣಹಾಕಲು ಮೇಲಿನ ಗಚ್ಚಿಗೆ ಹೋದಾಗ ಇಡೀ ಮನೆ ಸುತ್ತುತ್ತೇನೆ. ಸ್ವಲ್ಪವೂ ನೋವಿಲ್ಲ.

ಅವಳಿಗೆ ಸಕ್ಕರೆ ಕಾಯಿಲೆ ಇಲ್ಲ. ಆದರೂ ಅವಳ ತಾಟಿನಲ್ಲಿ ಶೇಂಗಾ ಚಟ್ನಿ ಕಾಣುವುದಿಲ್ಲ, ಬಟಾಟೆಯೂ ಇಲ್ಲ. "ನಿನಗೇನಾಗ್ಯದ?" ಎಂದೆ. "ಒಬ್ಬಾಕಿಗೆ ಎಲ್ಲೆ ಕುಟ್ಕೋತ ಕೂಡ್ಲಿ" ಎಂದಳು. ವಯಸ್ಸಾದಂತೆ ಆಲಸ್ಯ ಬರುವುದು ಸಹಜ.


ಡಿಸೆಂಬರ್ 13, ಶುಕ್ರವಾರ

ಸ್ವಲ್ಪ ಜ್ವರ. ಹವಾ ಬದಲಾಗಿದೆ, ಅದಕ್ಕೇ ಇರಬೇಕು. ಗೋದಕ್ಕ ಪಟ್ಟಿ ಬಿಚ್ಚಿ ನೋಡಿ, ಎದ್ದು ಕಿಟಕಿ ತೆರೆದಳು. ಕೋಣೆಯಲ್ಲಿ ಒಂದು ವಾಸನೆ ಇದೆ.


ಡಿಸೆಂಬರ್ 17, ಮಂಗಳವಾರ

ಎಡಗಾಲಿನ ಕಿರುಬೆರಳು ಹೋಯಿತು.

ಬರೆಯಲು ಕೂತರೆ ಅಷ್ಟೇ ಬರುತ್ತದೆ. ಆಸ್ಪತ್ರೆಯ ಹಾಸಿಗೆಯಲ್ಲಿ ಇದ್ದೇನೆ. ಕಿಟಕಿ ಮೇಲಕ್ಕಿದೆ, ಆಕಾಶ ಬಿಟ್ಟು ಬೇರೇನೂ ಕಾಣುವುದಿಲ್ಲ.


ಡಿಸೆಂಬರ್ 18, ಬುಧವಾರ

ನಿನ್ನೆಯದನ್ನು ಬರೆದಿಡಬೇಕು.

ಸಕ್ಕರೆ ಮುನ್ನೂರು ದಾಟಿತ್ತು. ಹುಸ್ನಾ ರಿಪೋರ್ಟು ಹಿಡಿದುಕೊಂಡು ಬಂದು, ನನ್ನನ್ನಲ್ಲ, ಗೋದಕ್ಕನನ್ನು ಕೇಳಿದಳು. "ಅಮ್ಮಾರ, ಊಟಕ್ಕ ಏನೇನು ಕೊಡಾಕತ್ತಿದ್ರಿ?"

ಗೋದಕ್ಕ ಒಂದೊಂದಾಗಿ ಹೇಳಿದಳು. ಹೀರೇಕಾಯಿ, ಬೆಂಡಿಕಾಯಿ, ನವಲಕೋಲು. ಎಲ್ಲಾ ಮ್ಯಾಲಿಂದೇ. ಒಳಗಿಂದು ಒಂದೂ ಇಲ್ಲ. ಆಮೇಲೆ, ಸ್ವಲ್ಪ ಬೆಲ್ಲ.

"ಬೆಲ್ಲ? ಬೆಲ್ಲ ಕೊಡ್ರಿ ಅಂತ ಯಾರು ಹೇಳಿದ್ರು?"

ಗೋದಕ್ಕ ಒಂದೇ ಒಂದು ಸಲ ನನ್ನ ಕಡೆ ನೋಡಿದಳು. ನಾನು ಗೋಡೆಯ ಮೇಲಿನ ಕ್ಯಾಲೆಂಡರಿನ ಕಡೆ ನೋಡಿದೆ.

"ಯಾರೂ ಅಲ್ಲ ಬಿಡವಾ. ಕಬ್ಬು ಮ್ಯಾಲೆ ಬೆಳೀತದಲ್ಲ ಅಂತ ನಾನ ತಿಳಕೊಂಡು ಹಾಕಿದೆ. ಓದಿದಾಕಿ ಅಲ್ಲ ನಾನು."

ಹುಸ್ನಾ ತಲೆಗೆ ಕೈಹಚ್ಚಿಕೊಂಡಳು. "ನಮ್ಮದ ತಪ್ಪು ಬಿಡ್ರಿ. ಬಟಾಟಿ, ಗೆಣಸು ಬಿಡ್ಲಿ ಅಂತ ಸಲೀಸಾಗಿ ಹೇಳಾಕ ಆ ಮಾತು ಹೇಳ್ತೀವಿ. ಶೇಂಗಾ ಸ್ವಲ್ಪ ತಿಂದ್ರ ಏನೂ ಆಗತಿರಲಿಲ್ಲ. ಬೆಲ್ಲ ಅಂದ್ರ ಸಕ್ರೀನ ಅಮ್ಮಾರ."

ಗೋದಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. "ನಾನ ತಿನಿಸಿ ತಮ್ಮನ ಬೆರಳು ಕಳದೆ" ಎಂದಳು. ಹುಸ್ನಾ ಅವಳ ಬೆನ್ನು ಸವರಿದಳು. ಇನ್ನೊಂದು ಹಾಸಿಗೆಯ ರೋಗಿಯ ಹೆಂಡತಿ, ಪಾಪ, ಗೊತ್ತಾಗದೆ ಮಾಡಿದ್ದು ಎಂದಳು.

ನಾನು ಸುಮ್ಮನಿದ್ದೆ. ಜ್ವರವಿತ್ತು. ಮಾತಾಡುವ ಸ್ಥಿತಿಯಲ್ಲಿ ಇರಲಿಲ್ಲ.

ಇದ್ದೆ. ಮಾತಾಡುವ ಸ್ಥಿತಿಯಲ್ಲೇ ಇದ್ದೆ. ಸ್ವಲ್ಪ ಹೊತ್ತಿನ ಮೊದಲು ನರ್ಸಿಗೆ ಫ್ಯಾನು ಕಡಿಮೆ ಮಾಡಲು ಹೇಳಿದ್ದೆ.


ಡಿಸೆಂಬರ್ 22, ಭಾನುವಾರ

ಮನೆ. ಅದೇ ಜಾಳಿಗೆ, ಅದೇ ಟಾಕಿ.

ಗೋದಕ್ಕ ಈಗ ವಾದ ಮಾಡುವುದಿಲ್ಲ. ಚೀಲದಲ್ಲಿ ಏನು ಬಂದರೂ ಮೇಲಿನದೋ ಕೆಳಗಿನದೋ ಎಂದು ಕೇಳುವುದಿಲ್ಲ. ಮೆಂತೆ ಪಲ್ಯ, ತೆಳ್ಳಗಿನ ಜೋಳದ ರೊಟ್ಟಿ, ಕಟ್ಟಿನ ಸಾರು. ಇವತ್ತು ನಾನೇ ಕೆದಕಿದೆ. "ಅಲ್ಲ ಗೋದಕ್ಕ, ಉಳ್ಳಾಗಡ್ಡಿ ಬೇರೂ ಅಲ್ಲ, ಕಾಂಡೂ ಅಲ್ಲ, ಅದು ಎಲಿ. ಒಂದರ ಮ್ಯಾಲೊಂದು ಸುತ್ತಿದ ಎಲಿ. ಗೊತ್ತದೇನು?" ನಮ್ಮ ಮನೆಯಲ್ಲಿ ಉಳ್ಳಾಗಡ್ಡಿ ತರುವುದಿಲ್ಲ, ಅವಳು ಬಯ್ಯಲಿ ಅಂತಲೇ ಅದನ್ನು ಆರಿಸಿಕೊಂಡಿದ್ದೆ.

"ಇರ್ತದೋ ಏನೋ" ಎಂದು ಒಳಗೆ ಹೋದಳು.

ಮೊದಲು ಎರಡು ಕೋಣೆಯ ಮನೆಯಲ್ಲಿ ಸಿಕ್ಕಿಬಿದ್ದಿದ್ದೆ. ಈಗ ಜಾಗ ಇನ್ನೂ ಸಣ್ಣದಾಗಿದೆ. ಅವಳು ಕೋಣೆಗೆ ಬಂದಾಗಲೆಲ್ಲ ಪೇಪರು ಎತ್ತಿ ಮುಖಕ್ಕೆ ಹಿಡಿಯುತ್ತೇನೆ. ನಾಚಿಕೆಯಾಗುತ್ತದೆ.


ಡಿಸೆಂಬರ್ 26, ಗುರುವಾರ

ಹಗ್ಗ ಬಿಟ್ಟೆ. ಏನು ಬೇಕಾಗಿತ್ತೋ ನನಗೇ ಸರಿಯಾಗಿ ಗೊತ್ತಿರಲಿಲ್ಲ. ಗೆಣಸು ಕಳಿಸು ಎಂದೆ.

ಜುಲ್ಫಿಕಾರ ಮೇಲೆ ನೋಡಿದ. "ಇಲ್ರಿ ಸರ್."

"ಗಾಡಿ ಮ್ಯಾಲೆ ಕಾಣ್ತಾವಲ್ಲೋ."

"ಅದಾವ್ರಿ. ನಿಮಗ ಕೊಡೂದಿಲ್ರಿ. ನಿಮ್ಮನ್ನ ದವಾಖಾನಿಗೆ ಒಯ್ಯುವಾಗ ಬಾಯಾರು ಈ ಗೇಟಿನ್ಯಾಗ ಕೂತು ಅತ್ತಾರ್ರಿ. ನಾ ನೋಡೀನಿ."

ಚೀಲಕ್ಕೆ ಒಂದು ಕಟ್ಟು ರಾಜಗಿರಿ ಸೊಪ್ಪು ಹಾಕಿ ಹಗ್ಗ ಜಗ್ಗಿದ. ಎಳೆದುಕೊಂಡೆ. ಸಿಟ್ಟು ಬಂತು. ಕಾಯಿಪಲ್ಲೆ ಮಾರುವವನು ಗಿರಾಕಿಗೆ ಬುದ್ಧಿ ಹೇಳುವ ಕಾಲ.

ಅವಳು ಗೇಟಿನಲ್ಲಿ ಕೂತು ಅತ್ತದ್ದು ನನಗೆ ಯಾರೂ ಹೇಳಿರಲಿಲ್ಲ.


ಡಿಸೆಂಬರ್ 30, ಸೋಮವಾರ. ಎಳ್ಳಮಾವಾಸ್ಯೆ

ಕೆಳಗಿನ ಮನೆಯವರು ಬುತ್ತಿ ಕಟ್ಟಿಕೊಂಡು ಉಪ್ಪಿನಬೆಟಗೇರಿಯ ತಮ್ಮ ಹೊಲಕ್ಕೆ ಹೋದರು. ಅರ್ಧ ಓಣಿ ಖಾಲಿಯಾಗಿದೆ. ಎಲ್ಲರೂ ಇವತ್ತು ಮಣ್ಣಿನ ಮೇಲೆ ಕೂತು ಉಣ್ಣುತ್ತಾರೆ. ನಾನು ಸ್ಟೂಲಿನ ಮೇಲೆ ಕಾಲಿಟ್ಟುಕೊಂಡು ಪೇಪರು ಓದಿದೆ.

ಪಟ್ಟಿ ಕಟ್ಟಿ ಮುಗಿಸಿದ ಗೋದಕ್ಕ ಎದ್ದು ಹೋಗದೆ ನನ್ನ ಕಾಲ ಹತ್ತಿರವೇ ನೆಲದ ಮೇಲೆ ಕೂತಿದ್ದಳು.

"ಏಕೂ" ಎಂದಳು, ಸಣ್ಣವನಿದ್ದಾಗ ನನ್ನನ್ನು ಕರೆಯುತ್ತಿದ್ದಂತೆ. "ಈಗ ನಿನ್ನ ಅಂಗಾಲಿಗೆ ಚೂಟಿದೆನಲ್ಲ, ನೋವಾತೇನು?"

ಪೇಪರಿನ ಹಿಂದಿನಿಂದ, "ಆತು. ಯಾಕ ಸುಮ್ಮ ಗದ್ದಲಾ ಮಾಡೋದು ಅಂತ ಅನ್ನಲಿಲ್ಲ" ಎಂದೆ.

"ಜೋರ ಚೂಟಿದ್ನೇನು?"

"ಜೋರ ಚೂಟಿದಿ."

ಅವಳು ಪಟ್ಟಿಯ ಅಂಚನ್ನು ಸರಿಮಾಡಿದಳು. ಆಮೇಲೆ ಮೆಲ್ಲಗೆ, "ನಾ ಚೂಟೇ ಇಲ್ಲೋ" ಎಂದಳು.

ಪೇಪರು ಇಳಿಸಲು ನನಗೆ ಧೈರ್ಯವಾಗಲಿಲ್ಲ. ಅದರಲ್ಲಿ ಅಮರಗೋಳ ಮಾರ್ಕೆಟ್ಟಿನ ಉಳ್ಳಾಗಡ್ಡಿ ಧಾರಣೆ ಇತ್ತು. ಅದೇ ಸಾಲನ್ನು ಮತ್ತೆ ಮತ್ತೆ ಓದಿದೆ.

"ಹುಸ್ನಾಗೂ ಹಿಂಗ ಹೇಳೀಯೇನು?"

ನಾನು ಪೇಪರಿನ ಪುಟ ತಿರುಗಿಸಿದೆ.

"ಬೆಲ್ಲದ್ದು ನನಗ ಇರಲಿ ಬಿಡು" ಎಂದಳು. "ಆ ಮಾತು ನಾ ಹೊತಗೋತೀನಿ. ಆದ್ರ ನಿನ್ನ ಕಾಲಿನ ಸುದ್ದಿ ನಾ ಹೆಂಗ ಹೇಳಲಿ? ಅದು ನಿನಗಷ್ಟ ಗೊತ್ತಾಗೋದು. ಗೊತ್ತಾಗಲಿಲ್ಲಂದ್ರೂ ನಿನಗಷ್ಟ ಗೊತ್ತಾಗೋದು."

ಮೊಣಕಾಲಿನ ಮೇಲೆ ಕೈಯೂರಿ ಎದ್ದು, ಕೈತೊಳೆಯಲು ಹೋದಳು. ಅವಳಿಗೆ ಈಗ ಎದ್ದು ನಿಲ್ಲಲು ಗೋಡೆ ಬೇಕಾಗುತ್ತದೆ. ಇದು ಯಾವಾಗಿನಿಂದ?

ಹೆದರಿಕೆಯಾಗುತ್ತಿದೆ. ಬೆರಳು ಕತ್ತರಿಸುವ ಮೊದಲೂ ಇಷ್ಟು ಆಗಿರಲಿಲ್ಲ.


ಜನವರಿ 2, ಗುರುವಾರ

ಹುಸ್ನಾ ಪಟ್ಟಿ ಬಿಚ್ಚಿ ನೋಡಿ, ಬೆರಳು ತೆಗೆದ ಜಾಗ ಮಾಯುತ್ತಿದೆ, ಕೀವು ನಿ...

ಇಲ್ಲಿ ಜುಲ್ಫಿಕಾರ ಬಂದು ಮಾತಾಡಿಸಿದ, ಬರೆಯುವುದು ನಿಂತಿತು. ಕುರ್ಚಿಯ ಹಿಡಿಕೆ ಸಡಿಲವಾಗಿದೆಯಂತೆ, ಇಳಿಸುವಾಗ ನೋಡಿದನಂತೆ. ಸ್ಕ್ರೂ ತಿರುಗಿಸಿ ಹೋದ. ಅವನಿಗೆ ಚಹಾ ಕೊಡಲು ಗೋದಕ್ಕನಿಗೆ ಹೇಳಿದೆ.

ಕೀವು ನಿಂತಿದೆ ಎಂದಳು. ಆದರೆ ಅಂಗಾಲಿನ ಹುಣ್ಣು ಹಾಗೇ ಇದೆ. ಹುಸ್ನಾ ಎದುರಿಗೆ ಕೂತು ಬಿಡಿಸಿ ಹೇಳಿದಳು.

"ಎರಡು ದಾರಿ ಅದಾವ್ರಿ ಸರ್. ಕಾಲಿಗೆ ಸ್ಪರ್ಶ ಇದ್ರ ಹೊಸಾ ಬೂಟು ಕೊಡ್ತೀನಿ, ಸಾವಕಾಶ ನಡೀರಿ. ನೀವು ಹೊರಗೂ ಅಡ್ಡಾಡಬಹುದು. ಸ್ಪರ್ಶ ಇಲ್ಲಂದ್ರ ಮೊಣಕಾಲತನಕ ಪ್ಲಾಸ್ಟರ್ ಹಾಕ್ಬೇಕು. ವಾರಕ್ಕೊಮ್ಮೆ ಬಿಚ್ಚಿ ಮತ್ತ ಹಾಕೋದು. ಯುಗಾದಿ ತನಕ ಆದ್ರೂ ಮನಿ ಬಿಟ್ಟು ಹೊರಬೀಳಂಗಿಲ್ಲ. ಸ್ಪರ್ಶ ಇಲ್ಲದ ಕಾಲಿಗೆ ಬೂಟು ಕೊಟ್ರ, ಈ ಸಲ ಬೆರಳಲ್ರಿ, ಕಾಲ ಹೋಗ್ತೈತಿ."

ದಾರ ತೆಗೆದಳು. ಕಿಟಕಿಯ ಬಿಸಿಲು ಅವಳ ಬೆನ್ನಿಗಿತ್ತು. ಮೊಣಕೈಯ ನೆರಳು ಸ್ವಚ್ಛವಾಗಿ ಗೋಡೆಯ ಮೇಲೆ ಬೀಳುತ್ತಿತ್ತು. ಬಾಗಿಲಿನ ಆಚೆ ರಸ್ತೆ, ರಸ್ತೆಯಲ್ಲಿ ಜನ, ಕಬ್ಬಿನ ಹಾಲಿನ ಗಾಡಿಯ ಗೆಜ್ಜೆ. ಬೂಟು ಅವಳ ಮೇಜಿನ ಪಕ್ಕದಲ್ಲೇ ಇತ್ತು, ಹೊಸದು, ಕರಿಯದು. ನನಗೆ ಆ ಬೂಟು ಬಹಳ ಬೇಕೆನಿಸಿತು. ಗೋದಕ್ಕ ನನ್ನ ಕುರ್ಚಿಯ ಹಿಂದೆ ನಿಂತಿದ್ದಳು. ಅವಳು ಬಾಯಿ ಬಿಡುವುದಿಲ್ಲ ಎಂದು ನನಗೆ ಗೊತ್ತಿತ್ತು.

ಕಣ್ಣು ಮುಚ್ಚಿಕೊಂಡೆ.

"ಸರ್, ಈಗ?"

ಕಾಯ್ದೆ. ಕತ್ತಲೆಯಲ್ಲಿ ಕಾಲು ಎಲ್ಲಿದೆ ಎಂದೇ ತಿಳಿಯಲಿಲ್ಲ.

"ಗೊತ್ತಾಗವಲ್ದು."

ಅವಳ ಕೈ ನಿಂತಿರಬೇಕು. "ಇಲ್ಲೆ?"

"ಗೊತ್ತಾಗವಲ್ದು."

"ಇಲ್ಲೇರಿ ಸರ್?"

"ಗೊತ್ತಾಗವಲ್ದು ಹುಸ್ನಾ. ಹೋದ ಸಲಾನೂ ಗೊತ್ತಾಗಿರಲಿಲ್ಲ. ನಿನ್ನ ಮೊಣಕೈ ನೋಡಿ ಹೇಳಿದೆ. ಬೆಲ್ಲಾ ಹಾಕು ಅಂದಾವನೂ ನಾನ. ಅಕ್ಕ ಫೋನ್ ಮಾಡಿ ನಿನ್ನ ಕೇಳತೀನಿ ಅಂದ್ಲು, ನಾನ ಮಾಡಗೊಡಲಿಲ್ಲ."

ಗೋದಕ್ಕನ ಕೈ ನನ್ನ ಹೆಗಲ ಮೇಲೆ ಬಂತು. ಅದು ಗೊತ್ತಾಯಿತು.

ಹುಸ್ನಾ ಮುಂದುವರಿಸಿದಳು. ಹಿಮ್ಮಡಿಗೆ ಬಂದಾಗ ಏನೋ ಒಂದು ಆಯಿತು, ಇರುವೆ ಹರಿದಷ್ಟು. ಹೇಳಲೋ ಬೇಡವೋ ಎಂದು ಅನುಮಾನ. "ಇಲ್ಲೆ ಏನೋ ಗೊತ್ತಾದಂಗಾತು. ಖರೆ ಹೌದೋ ಅಲ್ಲೋ, ನೀನ ಇನ್ನೊಮ್ಮೆ ನೋಡವಾ."

ಅವಳು ಮತ್ತೆ ಮತ್ತೆ ನೋಡಿದಳು. ನಾನು ಪ್ರತಿ ಸಲ ಕಾಯ್ದು ಉತ್ತರ ಕೊಟ್ಟೆ.

"ಖರೆ ಐತ್ರಿ ಸರ್" ಎಂದಳು ಕೊನೆಗೆ. "ಹಿಮ್ಮಡಿ ಜೀವಂತ ಐತಿ. ಉಳಿಸಿಕೊಳ್ಳಾಕ ನೋಡೋಣು." ಎದ್ದು ಬೂಟನ್ನು ಕಪಾಟಿಗೆ ಇಟ್ಟಳು.

ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದೆವು. ಜುಲ್ಫಿಕಾರ ಮತ್ತು ಕೆಳಗಿನವರು ಹತ್ತಿಸಿದರು, ಕಾಲಿನ ಭಾರ ಹೆಚ್ಚಾಗಿದೆ ಎಂದು ಬೈದರು. ದಾರಿಯುದ್ದಕ್ಕೂ ಗೋದಕ್ಕ ಬೆಲ್ಲದ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಉಂಡೆವು. ಪಡವಲಕಾಯಿ ಪಲ್ಯದ ಮೇಲೆ ಸ್ವಲ್ಪ ಶೇಂಗಾ ಪುಡಿ ಉದುರಿಸಿದ್ದಳು, ಅವಳ ತಾಟಿಗೂ, ನನ್ನ ತಾಟಿಗೂ.

ಪ್ಲಾಸ್ಟರ್ ಇನ್ನೂ ಹಸಿ ಇದೆ. ಫ್ಯಾನು ಹಚ್ಚಿ ಇಷ್ಟೊತ್ತು ಪಕ್ಕದಲ್ಲೇ ಕೂತಿದ್ದಳು. ಈಗ ಗೋಡೆ ಹಿಡಿದು ಎದ್ದು, "ದೇವರ ಮುಂದ ದೀಪಾ ಹಚ್ಚಿ ಬರ್ತೀನಿ. ಎಲ್ಲೂ ಹೋಗಬ್ಯಾಡ ಮತ್ತ" ಎಂದಳು.

"ಇಲ್ಲ, ಹೋಗೂದಿಲ್ಲ" ಎಂದೆ.